ಐದು ಹಿಡಿ ಉಪ್ಪು

ರಾಮಮ್ಮ ಕಟ್ಟಿಟ್ಟಿದ್ದ ಜಾಡಿಯ ಬಾಯಿಬಟ್ಟೆ ಬಿಚ್ಚಿದ್ದು ಅವಳ ತಿಥಿಯ ಹಿಂದಿನ ದಿನ ಬೆಳಗ್ಗೆ. ಬಿಚ್ಚಿದವನು ಮಗ ಮಹೇಂದ್ರ. ಬಿಚ್ಚಿದವನೇ ಮುಖ ಹಿಂದಕ್ಕೆಳೆದುಕೊಂಡ.

ಮಿರ್ಲೆಯ ಆ ಬೀದಿಯಲ್ಲಿ ರಾಮಮ್ಮನ ಉಪ್ಪುನೀರಿನ ಮಿಡಿಸೌತೆ ತಿನ್ನದ ಮನೆಯಿರಲಿಲ್ಲ. ಕಾಯಿಸಿ ಆರಿಸಿದ ನೀರಿಗೆ ಕಲ್ಲುಪ್ಪು ಕರಗಿಸಿ, ಅದರೊಳಗೆ ಕೋಳಿಮೊಟ್ಟೆಯೊಂದನ್ನು ಬಿಡುತ್ತಿದ್ದಳು. ಮೊಟ್ಟೆ ಮುಳುಗಿದರೆ ಇನ್ನೊಂದು ಹಿಡಿ ಉಪ್ಪು, ತೇಲಿದರೆ ಸಾಕು. ಮಿಡಿ ಮೇಲೇಳದಂತೆ ಹೊಳೆಯ ಗುಂಡುಕಲ್ಲು ಹೇರಿ ಬಾಯಿ ಕಟ್ಟಿದಳೆಂದರೆ ತಿಂಗಳವರೆಗೆ ಯಾರೂ ಮುಟ್ಟುವಂತಿಲ್ಲ. ಈ ಜಾಡಿ ಕಟ್ಟಿದ ಹದಿನೆಂಟನೆಯ ದಿನ ಅವಳು ಹಿತ್ತಿಲಲ್ಲಿ ಕುಸಿದುಬಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಬಿ.ಪಿ. ತಲೆಗೇರಿತ್ತು ಅಂದರು ಡಾಕ್ಟರು.

ನಾಳೆಯ ಎಡೆಗೆ ಅವಳಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ಅಪ್ಪ ನಂಜುಂಡಸ್ವಾಮಿಗೆ ಬೇರೇನು ಇರಲಿ ಬಿಡಲಿ, ಅವಳ ಕೈಯ ಮಿಡಿ ಎಲೆಯ ಮೇಲೆ ಬೀಳಲೇಬೇಕು. ಎಡೆಯದು ಆಮೇಲೆ ಮನೆಮಂದಿಗೆಲ್ಲ ಪಾಲು. ಮೊದಲ ಪಾಲು ಐದು ತಿಂಗಳ ಬಸುರಿ ಮಗಳು ಪವಿತ್ರಳಿಗೆ.

ಅಪ್ಪನ ತಂಗಿ ಚಿಕ್ಕಬೀರಮ್ಮ ಸೌಟು ಹಿಡಿದು ಬಂದಳು. "ಮೇಲಿನ ಬೂಸ್ಟು ತೆಗುದ್ರೆ ಒಳಗೆ ಚೆನ್ನಾಗೇ ಇರ್ತದೆ ಬುಡು. ನಮ್ಮತ್ತೆ ಅಂಗೇ ತಿಂದು ತೊಂಬತ್ತು ವರ್ಸ ಬದುಕುದ್ರು ಕಣ್ಲಾ."

"ನಿಮ್ಮತ್ತೆ ಕಲ್ಲು ತಿಂದ್ರೂ ಅರಗಿಸ್ಕಳೋರು, ಸುಮ್ನಿರು ಅತ್ತೆ."

ಮಹೇಂದ್ರ ಒಂದು ಮಿಡಿ ಎತ್ತಿ ಬೆರಳಲ್ಲಿ ಒತ್ತಿದ. ಕರುಂ ಅನ್ನಬೇಕಾದದ್ದು ಲೋಳೆಯಾಗಿ ಜಾರಿಹೋಯಿತು. ಮೇಲೆ ಕಪ್ಪು ಬೂಸ್ಟು, ತಳದಿಂದ ಕೊಳೆತ ನಾತ. ಹುಳಿವಾಸನೆ ಎಳ್ಳಷ್ಟೂ ಇಲ್ಲ.

"ಎಸೀಬೇಕು."

ಜಗಲಿಯಿಂದ ಅಪ್ಪ ಎದ್ದು ಬಂದ. "ಏನಂದೆ? ನಿಮ್ಮವ್ವನ ಕೈದು ಕಣ್ಲಾ ಅದು, ಕಡೇದು! ಎಂಟನೇ ಕ್ಲಾಸೂ ದಾಟ್ನಿಲ್ಲ, ಡಾಕ್ಟರಂಗೆ ಮಾತಾಡ್ತಾನೆ ನೋಡು."

"ಇದು ಅಕ್ಕನ ಹೊಟ್ಟೆಗೆ ಹೋಗ್ಬೇಕಾ?"

"ಒಂದು ಚೂರು ಕಣೋ," ಅಂದಳು ಪವಿತ್ರ. "ಅವ್ವನದು ಅಂತ ನಾಲಿಗೆಗೆ ಮುಟ್ಟುಸ್ಕತೀನಿ ಅಷ್ಟೆ."

"ಮುಟ್ಟುದ್ರೆ ಕೈ ಮುರೀತೀನಿ!"

ತನ್ನ ಕೂಗು ತನಗೇ ಕೇಳಿ ಮಹೇಂದ್ರ ತಣ್ಣಗಾದ. ತಿಂಗಳ ಹಿಂದೆ ಇದೇ ಜಾಗದಲ್ಲಿ, ಇದೇ ಗಂಟಲಲ್ಲಿ ಅವ್ವನ ಮೇಲೆ ಅರಚಿದ್ದ. "ಉಪ್ಪು ಕಮ್ಮಿ ಮಾಡು ಅಂತ ಡಾಕ್ಟ್ರು ಬಡ್ಕಂಡವ್ರೆ, ನೀನು ಹಿಡಿ ಹಿಡಿ ಸುರೀತಾ ಇದೀಯ. ಸಾಯ್ಬೇಕಾ ನೀನು?" ಎಂದು ಉಪ್ಪಿನ ಡಬ್ಬ ಕಿತ್ತುಕೊಂಡಿದ್ದ. "ಜಾಡಿಗೆ ಜಾಡಿ ಕೇಳ್ದಷ್ಟು ಹಾಕ್ಬೇಕು ಕಣಪ್ಪ. ನಾನು ತಿನ್ನಾಗ ಒಂದೇ ಒಂದು ತಿಂತೀನಿ, ತೊಳ್ಕಂಡು," ಅಂದಿದ್ದಳು. ಅವನು ಕೊಡಲಿಲ್ಲ. ಬಿದ್ದಿದ್ದು ಎರಡೇ ಹಿಡಿ. ಅವ್ವ ತಳದಲ್ಲಿ ಕೂತ ಮೊಟ್ಟೆಯನ್ನು ತೆಗೆದು, ಸೆರಗಲ್ಲಿ ಒರೆಸಿಟ್ಟು ಜಾಡಿ ಕಟ್ಟಿದ್ದಳು.

"ಕೆಡ್ಸಿದ್ದು ನಾನು ಕಣಪ್ಪ," ಅಂದ. "ಅವ್ವ ಉಪ್ಪು ಹಾಕೋವಾಗ ಕಿತ್ಕಂಡೋನು ನಾನು. ಬೇಕಾದ್ರೆ ನನ್ನ ಹೊಡಿ. ಇದನ್ನ ಮಾತ್ರ ಯಾರಿಗೂ ತಿನ್ನಕ್ಕೆ ಬುಡಾಕಿಲ್ಲ."

ಅಪ್ಪ ಹೊಡೆಯಲಿಲ್ಲ. ಜಗಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ.

ಕೋಳಿ ನಾಯಿ ಕೆದರದ ಹಾಗೆ ಹಿತ್ತಿಲಲ್ಲಿ ಸೊಂಟದಾಳದ ಗುಂಡಿ ತೋಡಿ ಮಹೇಂದ್ರ ಎಲ್ಲವನ್ನೂ ಸುರಿದ. ಮೇಲೆ ಮಣ್ಣು ಎಳೆದ. ಜಾಡಿಯನ್ನೂ ಕಲ್ಲನ್ನೂ ಕುದಿಯುವ ನೀರಲ್ಲಿ ತೊಳೆದು ಬಿಸಿಲಿಗಿಟ್ಟ.

ಮರುದಿನದ ಎಡೆಯಲ್ಲಿ ಮಿಡಿಯ ಜಾಗ ಖಾಲಿಯೇ ಉಳಿಯಿತು. ಅಪ್ಪ ಅಲ್ಲೊಂದು ಚಿಟಿಕೆ ಉಪ್ಪಿಟ್ಟು ಕೈಮುಗಿದ. ಮಗನ ಕಡೆ ತಿರುಗಲಿಲ್ಲ.

ತಿಥಿ ಕಳೆದ ನಾಲ್ಕನೆಯ ದಿನ ಅಪ್ಪ ಹೊಲದಿಂದ ಒಂದು ಕುಕ್ಕೆ ಎಳೇ ಮಿಡಿ ತಂದು ಅಡುಗೆಮನೆಯ ಹೊಸ್ತಿಲಲ್ಲಿಟ್ಟ. ಗೂಡಿಗೆ ಹೋಗಿ ಮೊಟ್ಟೆಯೊಂದನ್ನು ತಂದು ಮಗನ ಅಂಗೈಗೆ ಹಾಕಿದ.

ಪವಿತ್ರ ನೀರು ಕಾಯಿಸಿ ಆರಿಸಿದಳು. ಮಹೇಂದ್ರ ಒಂದೊಂದೇ ಹಿಡಿ ಉಪ್ಪು ಹಾಕಿ ಕದಡಿದ. ಎರಡನೆಯ ಹಿಡಿಗೆ ಮೊಟ್ಟೆ ತಳದಲ್ಲಿ ಮಲಗಿತ್ತು. ಅವನ ಕೈ ಅಲ್ಲೇ ನಿಂತಿತು. ಅಪ್ಪ ಉಪ್ಪಿನ ಡಬ್ಬವನ್ನು ಅವನತ್ತ ನೂಕಿದ. ಮೂರು. ನಾಲ್ಕು. ಐದನೆಯದು ಕರಗುತ್ತಿದ್ದ ಹಾಗೆ ಮೊಟ್ಟೆ ಅಲುಗಿ, ಮೆಲ್ಲಗೆ ಮೇಲೆ ಬಂದು ನಿಂತಿತು.

"ತೇಲ್ತು," ಅಂದ ಅಪ್ಪ. ತಿಥಿಯಾದ ಮೇಲೆ ಮಗನ ಹತ್ತಿರ ಅವನು ಆಡಿದ ಮೊದಲ ಮಾತು ಅದು.