ಸುಂಕಲಮ್ಮ ಹಾಕದ ಸಹಿ

ಚನ್ನಗಿರಿಯ ಬ್ಯಾಂಕಿನ ಮ್ಯಾನೇಜರ್ ಕೊಟ್ರಬಸಪ್ಪ ಅರ್ಜಿಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟಾಗ ಸುಂಕಲಮ್ಮನಿಗೆ ಕಂಡಿದ್ದು ತನ್ನದೇ ಹೆಸರು. ಅದರ ಕೆಳಗೆ ತಾನು ಹಾಕದ ಸಹಿ. ಪಕ್ಕದ ಚೌಕದಲ್ಲಿ ಅಣ್ಣ ಓಂಕಾರಪ್ಪನ ದುಂಡನೆಯ ಅಕ್ಷರದಲ್ಲಿ 'ಅವಲಂಬಿತೆ' ಎಂದು ಬರೆದಿತ್ತು.

"ಓಂಕಾರಪ್ಪನೋರು ನಿನ್ನೆನೇ ಕೊಟ್ಟು ಹೋದ್ರಮ್ಮ. ಅವರದೊಂದು ಕ್ರೆಡಿಟ್ ಕಾರ್ಡು, ಅದರ ಮೇಲೆ ನಿನಗೊಂದು. ನಾಳೆ ಬೆಂಗಳೂರಿಗೆ ಕಳಿಸ್ತೀವಿ," ಎಂದರು ಮ್ಯಾನೇಜರ್.

"ಈ ಸಹಿ ನಾನು ಹಾಕಿಲ್ಲ ಸಾರ್."

"ಮನೆಯೋರೇ ಅಲ್ವೇನಮ್ಮ, ಯಾರು ಹಾಕಿದ್ರೇನು."

ಅವಳ ಕಿವಿ ಬಿಸಿಯಾಯಿತು. "ಇದನ್ನ ಕಳಿಸಬ್ಯಾಡ್ರಿ, ಮಧ್ಯಾಹ್ನ ಬರ್ತೀನಿ," ಎಂದವಳೇ ಎದ್ದು ಹೊರಬಿದ್ದಳು.

ಅದು ೧೯೮೮ನೇ ಇಸವಿ. ಸುಂಕಲಮ್ಮ ಬೆಂಗಳೂರಿನಲ್ಲಿ ಕೃಷಿ ಪದವಿಯ ಕೊನೆಯ ವರ್ಷದಲ್ಲಿದ್ದಳು. ಮುಂದಿನ ತಿಂಗಳು ಕಾಲೇಜಿನಿಂದ ದೆಹಲಿ, ಕರ್ನಾಲ್, ಲೂಧಿಯಾನಕ್ಕೆ ಇಪ್ಪತ್ತೆರಡು ದಿನದ ಪ್ರವಾಸ. ರಜೆಗೆಂದು ಊರಿಗೆ ಬಂದವಳು ಬ್ಯಾಂಕಿನ ಎರಡೂ ಕರಪತ್ರಗಳನ್ನು ಮನೆಗೆ ತಂದು ಕೂತು ಓದಿದ್ದಳು. ಕ್ರೆಡಿಟ್ ಕಾರ್ಡು ದೊಡ್ಡ ಹೋಟೆಲು, ದೊಡ್ಡ ಅಂಗಡಿಗಳಲ್ಲಿ ನಡೆಯುತ್ತದೆ. ಅದಕ್ಕೆ ಸಂಬಳ ಬೇಕು, ಇಲ್ಲವಾದರೆ ಸಂಬಳದವರ ಆಸರೆ ಬೇಕು. ತಾವು ಇಳಿಯುವುದು ಹಾಸ್ಟೆಲು, ಛತ್ರಗಳಲ್ಲಿ. ಟ್ರಾವೆಲರ್ಸ್ ಚೆಕ್ ಆದರೆ ಮೊದಲೇ ದುಡ್ಡು ಕಟ್ಟಿ, ಒಂದು ಸಹಿ ಹಾಕಿ ಕೊಳ್ಳುವುದು, ಹೋದ ಊರಿನ ಬ್ಯಾಂಕಿನಲ್ಲಿ ಇನ್ನೊಂದು ಸಹಿ ಹಾಕಿ ನಗದು ಮಾಡಿಸಿಕೊಳ್ಳುವುದು. ಕಳೆದರೂ ದುಡ್ಡು ವಾಪಸು ಸಿಗುತ್ತದೆ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಎಂಟುನೂರು ರೂಪಾಯಿ ಅವಳ ಹತ್ತಿರವೇ ಇತ್ತು. ಚೆಕ್ಕೇ ಸಾಕು, ಕಾರ್ಡು ಬೇಡ ಎಂದು ಅಣ್ಣನಿಗೆ ಹೇಳಿಯೂ ಇದ್ದಳು. ಈ ಬೆಳಿಗ್ಗೆ ಬ್ಯಾಂಕಿಗೆ ಹೋಗಿದ್ದೂ ಚೆಕ್ಕು ಕೊಳ್ಳಲೆಂದೇ.

ಓಂಕಾರಪ್ಪ ನೀರಾವರಿ ಇಲಾಖೆಯಲ್ಲಿ ಎಂಜಿನಿಯರು. ಅವಳು ಕ್ವಾರ್ಟರ್ಸಿಗೆ ಬಂದಾಗ ಊಟಕ್ಕೆ ಕೂತಿದ್ದ. ಅವ್ವ ಗಿಡ್ಡಮ್ಮ ಮುದ್ದೆ ಬಡಿಸುತ್ತಿದ್ದಳು.

"ನನ್ನ ಸಹಿ ಯಾರು ಹಾಕಿದ್ದು?"

"ನಾನೇ. ಅದ್ರಾಗೇನೈತೆ?" ಅವನು ತಲೆ ಎತ್ತಲಿಲ್ಲ.

"ಬ್ಯಾಡ ಅಂದಿದ್ದೆ."

"ನಿನಗೆ ಗೊತ್ತಾಗಲ್ಲ ಸುಂಕಲಿ. ಕಾರ್ಡಿದ್ರೆ ತಿಂಗಳಿಗೊಂದು ಪಟ್ಟಿ ಮನೆಗೇ ಬರ್ತೈತೆ. ನೀನು ಯಾವ ಊರಾಗಿದ್ದೆ, ಎಲ್ಲಿ ಉಂಡೆ, ಏನು ತಗೊಂಡೆ, ಎಲ್ಲಾ ಇಲ್ಲೇ ಕೂತು ನೋಡಬೋದು. ಹೆಣ್ಣುಹುಡುಗಿನ ಅಷ್ಟು ದೂರ ಹೋಗಾಕೆ ಬಿಟ್ಟಿದ್ದೇ ದೊಡ್ಡದು."

"ನೀನು ಬಿಟ್ಟಿದ್ದಲ್ಲ, ನಾನು ಓದಿ ಹೊರಟಿದ್ದು. ಎಂಟನೇ ಕ್ಲಾಸಿನಿಂದ ಸ್ಕಾಲರ್‌ಶಿಪ್ಪಿನಾಗೆ ಓದೀನಿ. ನಿನ್ನ ಒಂದು ರೂಪಾಯಿ ಮುಟ್ಟಿಲ್ಲ. ನಾನು ಹೆಂಗೆ ಅವಲಂಬಿತೆ ಆದೆ?"

"ಫಾರಮ್ಮಿನಾಗೆ ಹಂಗೇ ಬರೀಬೇಕು. ಒಂದು ಸಹಿಗೆ ಇಷ್ಟು ರಂಪ ಮಾಡ್ತಾರಾ?"

ಗಿಡ್ಡಮ್ಮ ಮುದ್ದೆಯ ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಟ್ಟಳು. ಅವಳಿಗೆ ಓದು ಬರಹವಿಲ್ಲ. ಗಂಡ ಸತ್ತ ವರ್ಷ ಊರ ಹಿರಿಯರೊಬ್ಬರು ಅವಳ ಕೈ ಹಿಡಿದು ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಕತ್ತಲಗೆರೆಯ ಒಂದೂವರೆ ಎಕರೆ ಹೋಗಿದ್ದು ಹಾಗೆ.

"ಅವತ್ತು ಅವರೂ ಇದೇ ಮಾತು ಹೇಳಿದ್ರು ಕಣಪ್ಪ," ಎಂದಳು. "ಅದ್ರಾಗೇನೈತೆ, ಒಂದು ಹೆಬ್ಬೆಟ್ಟು ಅಂತ. ನಮ್ಮ ಕೈ ಇನ್ನೊಬ್ರು ಹಿಡೀಬಾರ್ದು ಅಂತ ನಿಮ್ಮಿಬ್ರನ್ನೂ ಕೂಲಿ ಮಾಡಿ ಓದಿಸಿದೆ. ಇವಳ ಕೈ ನೀನೇ ಹಿಡಿದ್ಯಲ್ಲೋ."

ಓಂಕಾರಪ್ಪನ ಮುಖ ಕಪ್ಪಿಟ್ಟಿತು. "ಅವರೂ ನಾನೂ ಒಂದೇ ಏನವ್ವ?"

"ಒಂದೇನೋ ಎರಡೋ ನನಗೆ ತಿಳಿಯಲ್ಲ. ಅವಳು ಬ್ಯಾಡ ಅಂದಿದ್ಲು."

ಅವನು ಅರ್ಧ ಊಟದಲ್ಲೇ ಕೈ ತೊಳೆದು, ಸ್ಕೂಟರು ಹತ್ತಿ ಹೊರಟುಹೋದ. ತಪ್ಪಾಯಿತು ಎನ್ನಲಿಲ್ಲ.

ಸುಂಕಲಮ್ಮ ಬ್ಯಾಂಕಿಗೆ ಮರಳಿದಳು. ಅರ್ಜಿ ಕೇಳಿ ಪಡೆದು, ತನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದು, 'ಈ ಸಹಿ ನನ್ನದಲ್ಲ' ಎಂದು ಬರೆದು ತಾರೀಖು ಹಾಕಿದಳು. ಪೆನ್ನಿನ ಮೊನೆ ಒಂದು ಕಡೆ ಕಾಗದವನ್ನೇ ಹರಿಯಿತು.

"ಅವರ ಅರ್ಜಿನೂ ಕೆಟ್ಟುಹೋಯ್ತಲ್ಲಮ್ಮ."

"ಬೇಕಿದ್ರೆ ಇನ್ನೊಂದು ಬರಕೊಡ್ತಾರೆ ಸಾರ್. ನೀವು ಮಾತ್ರ ಇನ್ನೊಬ್ರು ಹಾಕಿದ ನನ್ನ ಸಹಿ ತಗೋಬ್ಯಾಡ್ರಿ."

ಕೊಟ್ರಬಸಪ್ಪ ಅರ್ಜಿಯನ್ನು ಮಡಚಿ ಪಕ್ಕಕ್ಕಿಟ್ಟರು. ಗುಮಾಸ್ತನನ್ನು ಕರೆದು ನೂರು ರೂಪಾಯಿಯ ಎಂಟು ಚೆಕ್ಕು ಕೊಡಿಸಿದರು. ಅವರೆದುರೇ ಅವಳು ಒಂದೊಂದಕ್ಕೂ ಸಹಿ ಹಾಕಿದಳು. ಪ್ರತಿ ಸಲವೂ ಪೂರ್ತಿ ಹೆಸರು ಬರೆದಳು.

ಪ್ರವಾಸದಲ್ಲಿ ಆರು ಚೆಕ್ಕು ಖರ್ಚಾದವು. ಲೂಧಿಯಾನದ ಗೋಧಿ ಹೊಲಗಳ ಬಗ್ಗೆ ಅವ್ವನಿಗೆ ಎರಡು ಕಾಗದ ಬರೆದಳು. ಓದಿ ಹೇಳುವವನು ಅಣ್ಣನೇ ಎಂದು ಗೊತ್ತಿದ್ದೂ ಅವನ ಕ್ಷೇಮ ಕೇಳಲಿಲ್ಲ.

ವಾಪಸು ಬಂದ ದಿನ ಓಂಕಾರಪ್ಪ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ. ಬ್ಯಾಗಿಗೆ ಕೈ ಚಾಚಿ, "ತಾ ಇಲ್ಲಿ," ಎಂದ.

"ನಾನೇ ತರ್ತೀನಿ."

"ಸಿಟ್ಟು ಇನ್ನೂ ಇಳಿದಿಲ್ವಾ?"

"ಇಲ್ಲ," ಎಂದಳು ಸುಂಕಲಮ್ಮ.

ಅವನು ಸ್ಕೂಟರು ಚಾಲೂ ಮಾಡದೆ, ತಳ್ಳಿಕೊಂಡು ಅವಳ ಹಿಂದೆ ನಡೆದು ಬಂದ.