ಬೀರುವಿನ ಕೆಳತುದಿ

ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಅವನು ಬಹಳ ವರ್ಷ ಕೆಳತುದಿಯವನಾಗಿದ್ದ. ಭಾರದ ಸಾಮಾನು ಮೆಟ್ಟಿಲಿಳಿಸುವಾಗ ಕೆಳತುದಿ ಹಿಡಿದು, ಹಿಮ್ಮುಖವಾಗಿ ಇಳಿಯುತ್ತ, ಕಾಲು ಊರಿದ ಮೇಲೆ "ಹೂಂ" ಎನ್ನುವುದು ಅವನ ಕೆಲಸ. ಆ "ಹೂಂ" ಕಿವಿಗೆ ಬೀಳದೆ ಮೇಲ್ತುದಿಯವರು ಹೆಜ್ಜೆ ಕಿತ್ತಿಡುತ್ತಿರಲಿಲ್ಲ.

ಸೋಮವಾರ ಅವನನ್ನು ಮೇಲ್ವಿಚಾರಕನನ್ನಾಗಿ ಮಾಡಿದರು. ಹೆಂಡತಿ ಬಿಳಿ ಅಂಗಿಗೆ ಇಸ್ತ್ರಿ ಹಾಕಿ, ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಧಣಿಗಳು ಹೇಳಿದ್ದಿಷ್ಟೇ: "ಸಾಮಾನು ಮುಟ್ಟಬೇಡ, ಜನರನ್ನ ನೋಡ್ಕೋ. ಇವತ್ತಿನ ಕೆಲಸ ನೋಡಿ ಕಾಯಂ ಮಾಡ್ತೀನಿ."

ಇಳಿಸಬೇಕಾದದ್ದು ಮೂರನೆಯ ಮಹಡಿಯ ಅಜ್ಜಿಯ ಮರದ ಬೀರು. ಅವನು ಮೇಲಿನ ಮೆಟ್ಟಿಲಲ್ಲಿ ಕೈಕಟ್ಟಿ ನಿಂತ; ಕೈಗಳನ್ನು ಬೇರೆಲ್ಲಿಡಬೇಕೆಂದು ತಿಳಿಯಲಿಲ್ಲ. ಮೇಲ್ತುದಿಯಲ್ಲಿ ಅವನ ಭಾಮೈದ, ಕೆಳತುದಿಯಲ್ಲಿ ಮೀಸೆ ಎಂದೇ ಎಲ್ಲರೂ ಕರೆಯುವ ಆಳು. ಮೇಲ್ವಿಚಾರಕರು ಇರುವಾಗ ತಾನು "ಹೂಂ" ಎಂದರೆ ಅಧಿಕಪ್ರಸಂಗವಾದೀತೆಂದು ಮೀಸೆ ಬಾಯಿ ಮುಚ್ಚಿಕೊಂಡಿದ್ದ.

"ಎಡಕ್ಕೆ!"

"ಯಾರ ಎಡಕ್ಕೆ ಭಾವ? ನಿಮ್ದಾ, ನಂದಾ, ಬೀರೂದಾ?"

"ನನ್ನ... ಅಲ್ಲ, ಮೀಸೆದು."

"ಕೈ ನೋಡ್ಕೊಂಡ್ರೇನೇ ನಂಗೆ ಎಡ ಯಾವ್ದು ಅಂತ ಗೊತ್ತಾಗೋದು," ಎಂದ ಮೀಸೆ ಕೆಳಗಿನಿಂದ. "ಬಿಡ್ಲಾ?"

"ಬಿಡಬೇಡ್ವೋ!"

ತಿರುವಿನಲ್ಲಿ ಬೀರು ಕಚ್ಚಿಕೊಂಡಿತು. ಅಪ್ಪಣೆ ಹೆಚ್ಚಿದಷ್ಟೂ ಇನ್ನಷ್ಟು ಕಚ್ಚಿಕೊಂಡಿತು. ಅಜ್ಜಿ ಸ್ಟೂಲು ತಂದು ಅವನ ಹಿಂದೆ ಕುಳಿತರು.

"ನಮ್ಮ ಯಜಮಾನ್ರೂ ಹೀಗೇ ಕಣಪ್ಪಾ, ದಾರಿ ಹೇಳ್ತಾನೇ ಇರೋರು. ಒಂದು ಮದುವೆಗೂ ನಾವು ಊಟದ ಹೊತ್ತಿಗೆ ತಲುಪ್ಲಿಲ್ಲ."

ಮೀಸೆಯ ಬೆರಳುಗಳು ಬೀರುವಿನ ಅಂಚಿನಲ್ಲಿ ಸಡಿಲವಾಗುತ್ತಿರುವುದು ಅವನಿಗೆ ಕಂಡಿತು. ಜಾರಿದರೆ ಹೋಗುವುದು ಬೀರು ಮಾತ್ರವಲ್ಲ. ಅವನು ಅಂಗಿಯನ್ನೊಮ್ಮೆ ನೋಡಿಕೊಂಡ. ಭಾಮೈದನ ಕಾಲುಗಳ ನಡುವೆ ನುಸುಳಿ, ಬೀರುವಿನಡಿ ತೆವಳಿ, ಕೆಳಗೆ ಮೀಸೆಯ ಪಕ್ಕದಲ್ಲಿ ಎದ್ದು ತುದಿ ಹಿಡಿದ. ಒಂದು ಕಾಲು ಹಿಂದಕ್ಕಿಟ್ಟು ಊರಿದ.

"ಹೂಂ."

ಭಾಮೈದ ಹೆಜ್ಜೆಯಿಟ್ಟ. ತಿರುವು ಕಳೆಯಿತು.

ಬೀದಿಯಲ್ಲಿ ಧಣಿಗಳು ಕಾಯುತ್ತಿದ್ದರು. ಬೀರುವಿನ ಮೇಲೆ ಒಂದು ಗೀರೂ ಇರಲಿಲ್ಲ. ಮೆಟ್ಟಿಲಿನ ಧೂಳೆಲ್ಲ ಬಿಳಿ ಅಂಗಿಯ ಮೇಲಿತ್ತು.

"ಹಾಗಾದ್ರೆ ಮೇಲೆ ನಿಂತು ನೋಡ್ಕೊಂಡಿದ್ದು ಯಾರು?" ಎಂದರು ಧಣಿಗಳು.

"ಅಜ್ಜಿ," ಎಂದ ಭಾಮೈದ.

ರಾತ್ರಿ ಹೆಂಡತಿ ಅಂಗಿ ಒಗೆದು ಹಾಕಿದಳು. ಓಣಿಗೆ ಏನೂ ಹೇಳಲಿಲ್ಲ.

ಮಂಗಳವಾರ ಅವನು ಮತ್ತೆ ಕೆಳತುದಿ ಹಿಡಿದ; ಮೀಸೆ ಮೇಲ್ವಿಚಾರಕನಾದ. ಮೇಲೆ ನಿಂತು "ಎಡಕ್ಕೆ!" ಎಂದು ಕೂಗಿದ. ಭಾಮೈದ ಕದಲಲಿಲ್ಲ. ಕೆಳಗಿನಿಂದ "ಹೂಂ" ಬಂತು, ಭಾಮೈದ ಹೆಜ್ಜೆಯಿಟ್ಟ. ಸಾಮಾನೆಲ್ಲ ಮಧ್ಯಾಹ್ನದೊಳಗೆ ಇಳಿಯಿತು. ಈ ಹುದ್ದೆ ಇಷ್ಟು ಸುಲಭವೆಂದು ಮೀಸೆ ಅಂದುಕೊಂಡಿರಲಿಲ್ಲ.