ಹರಕೆಯ ಟಗರು ಬೆಟ್ಟ ಹತ್ತಿತು

ಮಗಳ ಜ್ವರ ಬಿಟ್ಟರೆ ಅಮ್ಮನಿಗೆ ಟಗರು ಕೊಡುತ್ತೇನೆಂದು ದುರ್ಗವ್ವ ಹರಸಿಕೊಂಡಿದ್ದಳು. ಜ್ವರ ಬಿಟ್ಟಿತು. ಅಷ್ಟರಲ್ಲಿ ಟಗರು ಹಗ್ಗ ಬಿಚ್ಚಿಕೊಂಡು ಚಿಕ್ಕಬಾಣಾವರದ ಆಚೆಯ ಕಲ್ಲುಬೆಟ್ಟ ಸೇರಿತು. ಈಗ ಜ್ವರ ಮತ್ತೆ ಬಂದಿದೆ. ಡಾಕ್ಟರು ಗುಳಿಗೆ ಬದಲಿಸಿದ್ದಾರೆ. ದುರ್ಗವ್ವ ಮಾತ್ರ ಗಂಡನ ಕೈಯನ್ನೇ ನೋಡುತ್ತಾಳೆ. ಹಗ್ಗ ಕಟ್ಟಿದವನು ಅವನು.

ಹಾಗಾಗಿ ಅವಳ ಗಂಡ, ಬಾಗಲಕೋಟೆ ಕಡೆಯ ಬಸಲಿಂಗ, ಪೀಣ್ಯದ ಫೌಂಡ್ರಿಗೆ ರಜೆ ಹಾಕಿ ಬೆಟ್ಟ ಹತ್ತಿದ. ಜೊತೆಗೆ ಮನೆ ಓನರ್ ಮುನಿಯಣ್ಣ. ಒಂದು ಕಾಲದಲ್ಲಿ ಇದೇ ಬೆಟ್ಟದಲ್ಲಿ ಮೊಲಕ್ಕೆ ಬಲೆ ಹಾಕಿದ ಮನುಷ್ಯ.

"ಗಾಳಿ ಎದುರಿಗಿರ್ಬೇಕು ಕಣೋ. ನಿನ್ ವಾಸ್ನೆ ಸಿಕ್ತೋ, ತುಮಕೂರ್ಗೋಗಿ ಇಡೀಬೇಕಾಯ್ತದೆ."

"ನಂದಲ್ರೀ ಅಣ್ಣಾರ, ನಿಮ್ಮ ಬೀಡಿ ವಾಸನಿ."

ಎರಡು ಸಲ ಹತ್ತಿರ ಹೋದರು. ಎರಡು ಸಲವೂ ಟಗರು ಬಂಡೆಯಿಂದ ಬಂಡೆಗೆ ನೆಗೆದು ಮೇಲಿಂದ ಇವರನ್ನು ನೋಡಿತು. ಜಾಲಿಮುಳ್ಳು ಚಪ್ಪಲಿ ದಾಟಿತು, ಮಂಡಿ ತರಚಿತು. ಕಲ್ಲು ಬೀಸಿ ಕೆಡವೋಣ ಎಂದ ಮುನಿಯಣ್ಣ. ಊನವಾದದ್ದನ್ನು ಅಮ್ಮ ಮುಟ್ಟುವುದಿಲ್ಲ ಎಂದ ಬಸಲಿಂಗ. ಕೊನೆಗೆ ಹಳೇ ಕ್ವಾರಿಯ ಸಂದಿಯೊಂದರಲ್ಲಿ ಅಡ್ಡಗಟ್ಟಿ, ಕೊಂಬು ಹಿಡಿದು ಮೈಮೇಲೆ ಬಿದ್ದ.

ಸಿಕ್ಕಿತು! ಇಬ್ಬರೂ ಹುಡುಗರಂತೆ ನಕ್ಕರು. ಟಗರು ನಾಲಗೆ ಹೊರಹಾಕಿ ಏದುತ್ತಿತ್ತು. ಕನಿಕರ ಹುಟ್ಟಿ ಬಸಲಿಂಗ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅದರ ನೆತ್ತಿಗೆ ಸುರಿದ.

ಟಗರು ಕೊಂಬಿನಿಂದ ಬಾಲದವರೆಗೆ ಮೈ ಕೊಡವಿತು.

ಮುನಿಯಣ್ಣನ ನಗು ನಿಂತಿತು. "ಲೇ... ಏನ್ ಮಾಡ್ಬಿಟ್ಯೋ!"

ನೀರು ಹಾಕಿದಾಗ ಮೈ ಕೊಡವಿದರೆ ಅಮ್ಮ ಒಪ್ಪಿದಳೆಂದೇ ಅರ್ಥ. ಒಪ್ಪಿದ ಜಾಗದಲ್ಲೇ ಬಲಿ ಕೊಡಬೇಕು. ಎರಡನೇ ಸಲ ಕೇಳುವಂತಿಲ್ಲ.

"ಅಕಿಗೆ ಹೇಳಬ್ಯಾಡ್ರೀ," ಎಂದ ಬಸಲಿಂಗ.

ಕೆಳಗೆ ಬಾಡಿಗೆಯ ಶೆಡ್ಡಿನ ಮುಂದೆ ದುರ್ಗವ್ವ ಕಲ್ಲೊಂದನ್ನು ನಿಲ್ಲಿಸಿ, ಅರಿಸಿನ ಬಳಿದು ಕಾಯುತ್ತಿದ್ದಳು. ಟಗರಿನ ಮೇಲೆ ಚೊಂಬು ನೀರು ಸುರಿದಳು. ಅದು ಅಲುಗಲಿಲ್ಲ. ಇನ್ನೊಂದು ಚೊಂಬು. ನೀರು ಸುಮ್ಮನೆ ಇಳಿದು ನೆಲ ಸೇರಿತು. ಒಳಗೆ ಮಗು ನರಳಿತು.

"ಗುಡ್ಡದಾಗ ಏನಾತ್ರೀ?"

ಮುನಿಯಣ್ಣ ಜೇಬಿನಲ್ಲಿ ಬೀಡಿ ಹುಡುಕತೊಡಗಿದ. ಬಸಲಿಂಗ ಎಲ್ಲ ಹೇಳಿದ.

ಬೈಯುತ್ತಾಳೆಂದುಕೊಂಡಿದ್ದ. ಅವಳು ಒಳಗೆ ಹೋಗಿ ಮಗಳನ್ನು ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ಬಂದಳು. "ಎಲ್ಲಿ ಮೈ ಝಾಡಿಸೇತೋ ಅಲ್ಲಿಗೇ ನಡೀರಿ."

"ಬಿಸ್ಲು ಕಣಮ್ಮಾ, ಮಗೀಗೆ ಜ್ವರ ಬೇರೆ..."

"ಅದಕ್ಕ ಅಲ್ಲೇನ್ರೀ ಹೊಂಟಿದ್ದು?"

ಬಸಲಿಂಗ ಮಗಳನ್ನು ಹೆಗಲಿಗೆ ಹಾಕಿಕೊಂಡ. ಅವಳ ಹಣೆ ಅವನ ಕುತ್ತಿಗೆಯನ್ನು ಸುಡುತ್ತಿತ್ತು. ಟಗರನ್ನು ಎಳೆಯಬೇಕಾಗಲಿಲ್ಲ. ಬೆಟ್ಟದ ದಾರಿ ಕಂಡದ್ದೇ ತಡ, ಹಗ್ಗ ಬಿಗಿಯಾಗುವಂತೆ ಅದೇ ಮುಂದೆ ಮುಂದೆ ನಡೆಯಿತು.